ತಗಡಿನ ಎರಡು ಮಗ್ಗುಲು

ಗುರು ಅಂದ ಕೂಡಲೇ ಜನಕ್ಕೆ ಕಾವಿ, ಕಮಂಡಲ, ಹುಲಿಚರ್ಮ ನೆನಪಾಗುತ್ತವೆ. ಹರಿಹರದ ಹೊಳೆದಂಡೆಯಲ್ಲಿದ್ದ ಈ ಗುರುವಿನ ಹತ್ತಿರ ಅವು ಯಾವುವೂ ಇರಲಿಲ್ಲ. ಒಂದು ಮರದ ಸುತ್ತಿಗೆ, ಒಂದು ಕಬ್ಬಿಣದ ಸುತ್ತಿಗೆ, ಕೂರಲು ಮೂರು ಕಾಲಿನ ಸ್ಟೂಲು, ಇಷ್ಟೇ ಆಸ್ತಿ. ಗಡ್ಡ ಮಾತ್ರ ಇತ್ತು ಅನ್ನಿ, ಅದೂ ಬೆಳ್ಳಗೆ, ಎದೆಯವರೆಗೆ.

ಹೆಸರು ಖಲಂದರ್ ಸಾಬ್. ಊರೆಲ್ಲ ಕರೆಯುತ್ತಿದ್ದುದು ಉಸ್ತಾದರು ಎಂದು. ಹಳೇ ಸೇತುವೆಯ ಬಳಿ ಐವತ್ತು ವರ್ಷ ಟಿಂಕರಿಂಗ್ ಗ್ಯಾರೇಜು ನಡೆಸಿ, ನೆಗ್ಗಿದ ಲಾರಿ, ಬಸ್ಸು, ಕಾರುಗಳನ್ನೆಲ್ಲ ಬಡಿದು ಬಡಿದು ನೇರ ಮಾಡಿದವರು. ಎಂಬತ್ತು ತುಂಬಿದ ಮೇಲೆ ಗ್ಯಾರೇಜು ಮುಚ್ಚಿ, ದಂಡೆಯ ಹೊಂಗೆ ಮರದ ಕೆಳಗೆ ಕೂತು, ಹೆಂಗಸರು ತರುವ ತಾಮ್ರದ ಕೊಡಗಳ ನೆಗ್ಗು ತೆಗೆದುಕೊಡುತ್ತಿದ್ದರು. ಕೈ ಸುಮ್ಮನಿರಬಾರದಲ್ಲ, ಅದಕ್ಕೆ.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಅವರ ಎದುರಿಗೆ ಕೊಟ್ರೇಶಪ್ಪ ಬಂದು ನಿಂತ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರಾಗಿದ್ದು ಆರು ತಿಂಗಳ ಹಿಂದಷ್ಟೇ ನಿವೃತ್ತನಾದವನು. ಊರಿಗೆಲ್ಲ ಮಾಸ್ತರು. ಆದರೆ ಈ ಕಥೆಯಲ್ಲಿ ಅವನು ಶಿಷ್ಯ, ನಾವೂ ಏಕವಚನದಲ್ಲೇ ಕರೆಯೋಣ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮನೆಯ ಹಿತ್ತಲಲ್ಲಿ ಅಪ್ಪನ ಕಾರೊಂದು ತುಕ್ಕು ಹಿಡಿದು ನಿಂತಿದೆ, ಅದನ್ನು ಮೊದಲಿನ ಹಾಗೆ ಮಾಡಿಕೊಡಬೇಕು ಎಂದ. ದೀಪಾವಳಿಯೊಳಗೆ ಆಗಬೇಕು ಎಂದೂ ಸೇರಿಸಿದ. ಸೀಟಿ ಊದಿ ಹುಡುಗರನ್ನು ಓಡಿಸಿದ ಅಭ್ಯಾಸ, ಬೇಡಿಕೊಳ್ಳುವಾಗಲೂ ಅಪ್ಪಣೆಯ ಧಾಟಿಯೇ.

ಯಾವ ಕಾರು ಎಂದು ಉಸ್ತಾದರು ತಲೆಯೆತ್ತದೆ ಕೇಳಿದರು. ಮಾರಿಸ್ ಮೈನರ್, ವಿಲಾಯ್ತಿಯದು ಎಂದ ಕೊಟ್ರೇಶಪ್ಪ.

ಸುತ್ತಿಗೆ ನಿಂತಿತು.

"ದನದ ಡಾಕ್ಟರ ಕಾರಾ?"

ಹೌದೆಂದ. ಉಸ್ತಾದರು ಕೊಡವನ್ನು ಪಕ್ಕಕ್ಕಿಟ್ಟು ಹೊಳೆಯ ಕಡೆ ನೋಡುತ್ತ ಕೂತರು. ಆ ಕಾರನ್ನು ಕಾಣದವರು ಆಗ ಸುತ್ತ ಮೂವತ್ತು ಹಳ್ಳಿಯಲ್ಲಿ ಇರಲಿಲ್ಲ. ಯಾವುದೋ ಮಿಲ್ಲಿನ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿಹೋದದ್ದು. ಕೊಟ್ರೇಶಪ್ಪನ ಅಪ್ಪ ಡಾಕ್ಟರ್ ಪಂಚಾಕ್ಷರಯ್ಯ ಅದರಲ್ಲಿ ಕೂತು ಊರೂರು ತಿರುಗಿ ಎತ್ತು ಎಮ್ಮೆಗಳಿಗೆ ಔಷಧಿ ಕೊಟ್ಟವರು. ಎಷ್ಟೋ ಸಲ ಹಿಂದಿನ ಸೀಟಿನಲ್ಲಿ ಕಾಯಿಲೆಯ ಕರುವೇ ಸವಾರಿ ಬರುತ್ತಿತ್ತು. ದೊರೆ ಕೂತ ಜಾಗದಲ್ಲಿ ಕರು ಕೂತಿದೆ ನೋಡಿ ಎಂದು ಜನ ನಗುತ್ತಿದ್ದರು, ಡಾಕ್ಟರೂ ನಗುತ್ತಿದ್ದರು.

"ಕೆಲಸ ನಾನು ಮಾಡಲ್ಲ," ಎಂದರು ಉಸ್ತಾದರು ಕೊನೆಗೆ. "ಕೈ ನಿಂದು, ಕಣ್ಣು ನಂದು. ಒಪ್ಪಿಗೆ ಇದ್ರೆ ನಾಳೆ ಬರ್ತೀನಿ."

ಆ 'ನಿಂದು' ಕೇಳಿ ಮಾಸ್ತರ ಮೀಸೆ ಒಂದು ಸಲ ಅಲುಗಿತು. ಆದರೂ ಒಪ್ಪಿದ.

ಮರುದಿನ ಬೆಳಿಗ್ಗೆ ಉಸ್ತಾದರು ಸ್ಟೂಲು ಹೊತ್ತುಕೊಂಡು ಬಂದರು. ಹಿತ್ತಲಿನ ಶೆಡ್ಡಿನಲ್ಲಿ ಕಾರಿಗೆ ನೀಲಿ ತಾಡಪಾಲು ಹೊದಿಸಿ, ಅದರ ಮೇಲೆ ಅಡ್ಡಡ್ಡ ಉದ್ದುದ್ದ ಹಗ್ಗ ಬಿಗಿದಿತ್ತು. ಒಂದೊಂದು ಗಂಟು ಬಿಚ್ಚುವುದಕ್ಕೂ ಕೊಟ್ರೇಶಪ್ಪ ಬೆವರಿದ. ತಾಡಪಾಲು ಸರಿಯಿತು. ಹಳೆಯ ರೆಕ್ಸಿನ್ನು, ಗೋಣಿ, ಹಸಿ ಮಣ್ಣು ಎಲ್ಲ ಕಲಸಿದ ವಾಸನೆಯೊಂದು ಹೊರಬಂತು.

ಒಂದು ಕಾಲಕ್ಕೆ ಬೇವಿನೆಲೆಯ ಹಸಿರು ಬಣ್ಣದ ಕಾರು. ಈಗ ಹಸಿರಿಗಿಂತ ಕೆಂಪೇ ಹೆಚ್ಚು. ಬಾಗಿಲುಗಳ ಅಂಚು ತಿಂದುಹೋಗಿತ್ತು. ಛಾವಣಿಯ ಸುತ್ತ ಮಳೆನೀರು ಹರಿಯುವ ಸಣ್ಣ ಕಾಲುವೆ ಪುಡಿಪುಡಿಯಾಗಿತ್ತು. ನೆಲದ ತಗಡಿನಲ್ಲಿ ಅಂಗೈ ತೂರುವಷ್ಟು ತೂತುಗಳಿದ್ದವು.

ಆದರೂ ಆ ದುಂಡು ಮೂತಿ ನೋಡಿದರೆ ಕೊಟ್ರೇಶಪ್ಪನಿಗೆ ಹುಡುಗತನ ನೆನಪಾಗುತ್ತಿತ್ತು. ಆ ಕಾರಿಗೆ ಈಗಿನ ಹಾಗೆ ಮಿಣುಕುವ ದೀಪ ಇರಲಿಲ್ಲ. ತಿರುಗುವ ಮುಂಚೆ ಗುಂಡಿ ಒತ್ತಿದರೆ, ಬಾಗಿಲ ಪಕ್ಕದ ಕಂಬದೊಳಗಿಂದ ಕಿತ್ತಳೆ ಬಣ್ಣದ ಪುಟ್ಟ ಕೈಯೊಂದು ಟಕ್ಕೆಂದು ಹೊರಗೆ ಚಾಚಿಕೊಳ್ಳುತ್ತಿತ್ತು. ಅದನ್ನು ನೋಡಲು ಅವನೂ ಅಕ್ಕನೂ ಕಿಟಕಿಗೆ ಜಗಳವಾಡುತ್ತಿದ್ದರು. ಕೊನೆಗೆ ಅಪ್ಪ ತಿರುವಿಲ್ಲದ ಕಡೆಯಲ್ಲೂ ಒಮ್ಮೆ ಎಡಗೈ, ಒಮ್ಮೆ ಬಲಗೈ ಚಾಚಿಸಿ ಇಬ್ಬರಿಗೂ ಸಮ ಮಾಡುತ್ತಿದ್ದ. ಎದುರಿಗೆ ಬರುವ ಗಾಡಿಯವರು ಈ ಡಾಕ್ಟರಿಗೆ ಏನಾಯಿತು ಎಂದು ದಿಕ್ಕೆಟ್ಟು ನಿಲ್ಲುತ್ತಿದ್ದರು.

ಉಸ್ತಾದರು ಕಾರನ್ನು ಒಂದು ಸುತ್ತು ಬಂದರು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಆಮೇಲೆ ಸ್ಟೂಲಿನ ಮೇಲೆ ಕೂತು ಕೇಳಿದರು.

"ತುಕ್ಕು ಎಲ್ಲಿಂದ ಹೊರಟಿದೆ?"

"ಕಾರವಾರದಿಂದ," ಎಂದ ಶಿಷ್ಯ, ಒಂದು ಕ್ಷಣವೂ ತಡಮಾಡದೆ.

"ಅದು ಊರು. ನಾನು ಕೇಳಿದ್ದು ಜಾಗ."

ಜಾಗ ಗೀಗ ಏನೂ ಇಲ್ಲ, ಎಲ್ಲಾ ಅಕ್ಕನ ಉಪಕಾರ ಎಂದು ಕೊಟ್ರೇಶಪ್ಪ ಶುರುಮಾಡಿದ. ಹನ್ನೊಂದು ವರ್ಷದಿಂದ ಬಾಯಿಪಾಠವಾಗಿದ್ದ ಕಥೆ, ನಿಲ್ಲುವುದೆಲ್ಲಿ.

ಅಕ್ಕ ಸರ್ವಮಂಗಳ ಕಾರವಾರದ ಕಡೆ ಸರ್ಕಾರಿ ನರ್ಸಾಗಿದ್ದಳು. ಅಪ್ಪ ತೀರಿಕೊಂಡ ಮೇಲೆ ಕಾರನ್ನು ಅವಳೇ ಒಯ್ದಳು. ಐದು ವರ್ಷ ಆ ಉಪ್ಪುಗಾಳಿಯಲ್ಲಿ ಓಡಿಸಿದಳು. ಒಂದು ದಿನ ತಾನೇ ನಡೆಸಿಕೊಂಡು ತಂದು ಬಾಗಿಲಲ್ಲಿ ನಿಲ್ಲಿಸಿ, ಇನ್ನು ನೀನು ಇಟ್ಟುಕೋ ತಮ್ಮಾ ಎಂದಳು. ಇವನು ನೋಡಿದ. ಬಂಪರಿನ ಮೇಲೆ ಕೆಂಪು ಗೆರೆ, ಬಾಗಿಲ ಮೂಲೆಯಲ್ಲಿ ಉಗುರಿನಷ್ಟು ತೂತು. ನೋಡಿದವನೇ ಬೀದಿಯ ಜನ ಕೇಳುವ ಹಾಗೆ ಅಂದುಬಿಟ್ಟ, ಅಪ್ಪನನ್ನು ಎರಡನೇ ಸಲ ಸಾಯಿಸಿದೆಯಲ್ಲೇ ಅಂತ.

ಅಕ್ಕ ಒಂದು ಮಾತೂ ಆಡಲಿಲ್ಲ. ಕೀಲಿಕೈಯನ್ನು ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೋದಳು. ಅವತ್ತಿನಿಂದ ಅವಳು ಇತ್ತ ಬರಲಿಲ್ಲ, ಇವನು ಅತ್ತ ಹೋಗಲಿಲ್ಲ.

ಹಾಗಾದರೆ ದೀಪಾವಳಿಯ ಅವಸರ ಯಾಕೆ ಎಂದು ಉಸ್ತಾದರು ಕೇಳಿದರು.

ಕೊಟ್ರೇಶಪ್ಪ ಹೇಳಿದ. ಅಕ್ಕನ ಕಣ್ಣು ಹೋಗುತ್ತಿದೆ. ನರ ಒಣಗುತ್ತಿದೆಯಂತೆ, ಆಪರೇಷನ್ನಿಗೂ ಬಗ್ಗುವುದಿಲ್ಲವಂತೆ, ದೃಷ್ಟಿ ದೀಪಾವಳಿವರೆಗೆ ಇದ್ದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರೆ. ಅಕ್ಕನ ಮಗ ಫೋನ್ ಮಾಡಿದ್ದ. ಮಾವಾ, ಕಣ್ಣಿರುವಾಗಲೇ ತಮ್ಮನ ಮುಖ ಒಂದು ಸಲ ನೋಡಬೇಕು ಅಂತಿದಾಳೆ ಅಮ್ಮ, ಬಂದುಹೋಗಿ ಎಂದಿದ್ದ.

"ಹೋದೆಯಾ?"

"ಬರ್ತೀನಿ ಅಂದಿದೀನಿ. ಆದ್ರೆ ಈ ಕಾರಲ್ಲೇ ಹೋಗ್ತೀನಿ. ತಾನು ಕೆಡಿಸಿದ್ದನ್ನ ನಾನು ಹೆಂಗೆ ಉಳಿಸ್ಕೊಂಡೆ ಅಂತ ಅವಳು ನೋಡ್ಲಿ. ಕಣ್ಣು ಹೋಗೋದ್ರೊಳಗೆ ನೋಡ್ಲಿ."

ಉಸ್ತಾದರು ಗಡ್ಡ ನೀವಿಕೊಂಡರು. ಒಳಗೆ ಟೀ ಆಯಿತೇನೋ ಕೇಳು ಎಂದರು, ಅಷ್ಟೇ.

ಕೆಲಸ ಶುರುವಾಯಿತು. ಕೆಲಸ ಅಂದರೆ ಬರೀ ಬಿಚ್ಚುವುದು. ಸುತ್ತಿಗೆ ಮುಟ್ಟುವ ಹಾಗಿಲ್ಲ. ತುಕ್ಕು ಎಲ್ಲಿಂದ ಹೊರಟಿತು ಅಂತ ನೀನು ತೋರಿಸುವವರೆಗೆ ಒಂದು ತಗಡೂ ಕತ್ತರಿಸಬೇಡ ಎಂದು ಉಸ್ತಾದರು ಕಟ್ಟಪ್ಪಣೆ ಮಾಡಿದ್ದರು. ಜಾಗ ಗೊತ್ತಿಲ್ಲದೆ ಹೊಸ ತಗಡು ಹಾಕಿದರೆ ಅದನ್ನೂ ಅದೇ ತಿನ್ನುತ್ತದೆ ಎಂಬುದು ಅವರ ವಾದ.

ದಿನಾ ಬೆಳಿಗ್ಗೆ ಅದೇ ಪ್ರಶ್ನೆ. ಶಿಷ್ಯ ಒಂದು ದಿನ ಬಾಗಿಲು ಎಂದ. ಒಂದು ದಿನ ಚಕ್ರದ ಗೂಡು ಎಂದ. ಒಂದು ದಿನ ಸಿಟ್ಟು ಬಂದು ಸಮುದ್ರ ಎಂದ. ಉಸ್ತಾದರು ಪ್ರತಿ ಸಲವೂ ಅಲ್ಲವೆಂದು ತಲೆಯಾಡಿಸಿ ಟೀ ಕುಡಿದರು.

ಬಾಗಿಲ ತಿರುಗಣೆಯ ಬೋಲ್ಟೊಂದು ಹಟಹಿಡಿದು ಕೂತಿತ್ತು. ಕೊಟ್ರೇಶಪ್ಪ ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಎರಡೂ ಕೈಯಿಂದ ಎಳೆದ. ಬೋಲ್ಟು ಕಟಕ್ಕೆಂದು ಮುರಿದು, ಅವನು ಹಿಂದಕ್ಕೆ ಬಿದ್ದು, ಸೊಂಟ ಹಿಡಿದುಕೊಂಡು ಎದ್ದ. ಕಬ್ಬಿಣಕ್ಕೇ ಅಹಂಕಾರ ಎಂದು ಬೈದ.

ಇನ್ನೊಂದು ಬೋಲ್ಟಿಗೆ ಉಸ್ತಾದರು ಡೀಸೆಲ್ಲು ಅದ್ದಿದ ಬತ್ತಿ ಸುತ್ತಿಸಿದರು. ಇವತ್ತಿಗೆ ಇಷ್ಟೇ ಎಂದು ಎದ್ದರು. ಮರುದಿನವೂ ನಾಲ್ಕು ಹನಿ, ಇವತ್ತಿಗೆ ಇಷ್ಟೇ. ಹೀಗೆ ಮಾಡಿದರೆ ದೀಪಾವಳಿಯಲ್ಲ, ಮುಂದಿನ ದೀಪಾವಳಿಯೂ ದಾಟುತ್ತದೆ ಎಂದು ಶಿಷ್ಯ ಗೊಣಗಿದ. ನಾಲ್ಕನೇ ದಿನ ಬೋಲ್ಟು ಬೆರಳಿಗೇ ತಿರುಗಿತು. ಕೊಟ್ರೇಶಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ, ಗೊಣಗಾಟ ನಿಲ್ಲಿಸಿದ.

ಬಿಚ್ಚುತ್ತಾ ಹೋದ ಹಾಗೆ ಹಳೆಯ ಕಾಲ ಚೂರು ಚೂರಾಗಿ ಕೈಗೆ ಸಿಗುತ್ತಿತ್ತು. ಸೀಟಿನ ಕೆಳಗೆ ಹುಣಸೆ ಬೀಜ, ಒಂದು ಕರುವಿನ ಕೊರಳ ಗೆಜ್ಜೆ, ಅಪ್ಪನ ಮೊಂಡು ಸೂಜಿ. ಒಂದು ಕೆಂಪು ರಿಬ್ಬನ್ನು, ಅದು ಅಕ್ಕನದು. ಎರಡು ಜಡೆಗೆ ಎರಡು ರಿಬ್ಬನ್ನು ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಇದೊಂದು ಕಳೆದುಹೋಯಿತೆಂದು ಅವತ್ತು ಊರು ಬರುವವರೆಗೂ ಅತ್ತಿದ್ದಳು. ಕೊಟ್ರೇಶಪ್ಪ ಅದನ್ನು ಬಿಸಾಡಲೆಂದು ಕೈ ಎತ್ತಿದ, ಮತ್ತೆ ಜೇಬಿಗೆ ಹಾಕಿಕೊಂಡ.

ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅಪ್ಪ ಮರಳಿನ ಆಚೆಯ ಗಟ್ಟಿ ನೆಲದಲ್ಲಿ ಅಕ್ಕನಿಗೆ ಡ್ರೈವಿಂಗ್ ಹೇಳಿಕೊಟ್ಟಿದ್ದನ್ನು ಉಸ್ತಾದರೇ ಎತ್ತಿದರು. ನಾನು ಗ್ಯಾರೇಜಿನಿಂದ ನೋಡುತ್ತಿದ್ದೆ, ಜಡೆ ಹಾರಿಸಿಕೊಂಡು ಓಡಿಸುತ್ತಿದ್ದಳು, ಗಂಡಸರು ಕೊಡೆ ಬಿಟ್ಟು ಬಾಯಿಗೆ ಕೈ ಇಟ್ಟುಕೊಂಡಿದ್ದರು ಎಂದು ನಕ್ಕರು. ನಿನಗೆ ಕಲಿಸಲಿಲ್ಲವಾ ಎಂದು ಕೇಳಿದರು.

ಕಲಿಸಿದರು ಎಂದ ಕೊಟ್ರೇಶಪ್ಪ. ಹೊಂಗೆ ಮರಕ್ಕೆ ಗುದ್ದಿದೆ ಎಂಬುದನ್ನು ಹೇಳಲಿಲ್ಲ. ಉಸ್ತಾದರಿಗೆ ಗೊತ್ತಿತ್ತು. ಆ ನೆಗ್ಗು ತೆಗೆದವರು ಅವರೇ ಅಲ್ಲವೇ. ಆದರೆ ಅವರೂ ಹೇಳಲಿಲ್ಲ.

ಶ್ರಾವಣ ಬಂತು. ಉಸ್ತಾದರು ಮೊಮ್ಮಗಳ ಮದುವೆಗೆಂದು ನಾಲ್ಕು ದಿನ ರಾಣೆಬೆನ್ನೂರಿಗೆ ಹೋದರು. ಹೋಗುವಾಗ ಇನ್ನೊಮ್ಮೆ ಹೇಳಿದರು, ಬಿಚ್ಚು, ಒರೆಸು, ನೋಡು, ಕತ್ತರಿಸಬೇಡ.

ಎರಡನೇ ದಿನ ಅಕ್ಕನ ಮಗನ ಫೋನ್ ಬಂತು. ಎಡಗಣ್ಣು ಪೂರ್ತಿ ಹೋಯಿತು ಎಂದ. ಬಲಗಣ್ಣಲ್ಲಿ ನೇರ ಎದುರಿಗಿದ್ದದ್ದಷ್ಟೇ ಕಾಣುತ್ತೆ ಮಾವಾ, ಯಾವಾಗ ಬರ್ತೀರಿ.

ಕೊಟ್ರೇಶಪ್ಪ ಕಂಗಾಲಾದ. ಅಕ್ಕನಿಗೆ ಕಣ್ಣು ಹೋಗುತ್ತದೆ ಎಂದೋ, ತಾನು ತೋರಿಸಬೇಕಾದ್ದನ್ನು ತೋರಿಸಲಾಗುವುದಿಲ್ಲ ಎಂದೋ ಅವನಿಗೇ ತಿಳಿಯಲಿಲ್ಲ. ಹೆಂಡತಿ ವಿಶಾಲಾಕ್ಷಿ, ಬಸ್ಸಿಗೆ ಹೋಗಿ ಬರಬಾರದೇ ಎಂದಳು. ಸುಮ್ಮನಿರು ಎಂದ. ಮಧ್ಯಾಹ್ನವೇ ಬಾಡಿಗೆಗೆ ಕಟಿಂಗ್ ಮಶೀನು ತಂದು, ಕಿಡಿ ಹಾರಿಸಿ, ನೆಲದ ತಗಡನ್ನು ಈ ತುದಿಯಿಂದ ಆ ತುದಿಯವರೆಗೆ ಕತ್ತರಿಸಿ ತೆಗೆದ. ತುಂಡುಗಳನ್ನು ಗುಜರಿ ಅಂಗಡಿಗೆ ಸಾಗಿಸಿದ. ಹೊಸ ತಗಡು ತಂದು ಗೋಡೆಗೆ ಒರಗಿಸಿಟ್ಟ. ನಾಲ್ಕು ತಿಂಗಳ ಕೆಲಸ ಒಂದೇ ದಿನಕ್ಕೆ ಮುಗಿಸಿದೆ ಎಂದು ಹಿಗ್ಗಿದ.

ಉಸ್ತಾದರು ವಾಪಸಾಗಿ ಬಂದು ಕಾರಿನ ಬಾಗಿಲು ತೆರೆದರು. ನೆಲವಿದ್ದ ಜಾಗದಲ್ಲಿ ಶೆಡ್ಡಿನ ಮಣ್ಣು ಕಾಣುತ್ತಿತ್ತು.

"ತಗಡು ಎಲ್ಲಿ?"

ಗುಜರಿಗೆ ಹಾಕಿದೆ ಎಂದ.

"ತಗೊಂಡು ಬಾ."

ಆ ಕಸ ಯಾಕೆ ಎಂದು ಕೇಳಬೇಕೆಂದಿದ್ದ, ಗುರುವಿನ ಮುಖ ನೋಡಿ ಕೇಳಲಿಲ್ಲ. ಸೈಕಲ್ಲು ಹತ್ತಿದ. ಗುಜರಿಯವನು ರಾಶಿ ತೋರಿಸಿ ಹುಡುಕ್ಕೊಳ್ರಿ ಮಾಸ್ತರೇ ಎಂದ. ಜಿಟಿಜಿಟಿ ಮಳೆಯಲ್ಲಿ, ಮುರಿದ ಫ್ಯಾನು, ಸೀಮೆಎಣ್ಣೆ ಡಬ್ಬಗಳ ನಡುವೆ ಒಂದು ತಾಸು ಕೆದಕಿ, ಕೈ ಕೊಯ್ದುಕೊಂಡು, ಎರಡು ತುಂಡು ಹೊರಗೆಳೆದ. ಬೀದಿಯುದ್ದಕ್ಕೂ ಹಳೆಯ ಶಿಷ್ಯರ ನಮಸ್ಕಾರ. ತುಕ್ಕಿನ ತಗಡು ಹೊತ್ತ ಮಾಸ್ತರು ಯಾರ ಮುಖವನ್ನೂ ನೋಡಲಿಲ್ಲ.

ಉಸ್ತಾದರು ದೊಡ್ಡ ತುಂಡನ್ನು ಮೊಣಕಾಲ ಮೇಲಿಟ್ಟುಕೊಂಡರು. ಮೇಲಿನ ಮಗ್ಗುಲು ಅಂದರೆ ಕಾರಿನ ಒಳಗಡೆ, ಕಾಲಿಡುವ ಕಡೆ. ಅದು ಹಪ್ಪಳ ಹಪ್ಪಳವಾಗಿ ಏಳುತ್ತಿತ್ತು, ಕೊಳೆತ ಗೋಣಿಯ ನಾರು ಇನ್ನೂ ಅಂಟಿತ್ತು. ಅವರು ತಗಡನ್ನು ಮಗುಚಿದರು.

ಕೆಳಗಿನ ಮಗ್ಗುಲು ಕಪ್ಪಗೆ, ನುಣ್ಣಗೆ, ಗಟ್ಟಿಯಾಗಿತ್ತು. ತೂತು ಬಿದ್ದ ಕಡೆ ಬಿಟ್ಟರೆ ಎಲ್ಲೂ ಕೆಂಪಿಲ್ಲ.

"ಸಮುದ್ರ ಯಾವ ಕಡೆ ಇರುತ್ತೆ, ಮೇಲೋ ಕೆಳಗೋ?"

ಉಪ್ಪು ನೀರು ರಸ್ತೆಯಿಂದ ಸಿಡಿಯುವುದು ಕೆಳಗಿನಿಂದ, ಅದು ಕೊಟ್ರೇಶಪ್ಪನಿಗೂ ಗೊತ್ತು.

ಉಸ್ತಾದರು ಉಳಿಯ ಮೊನೆಯಿಂದ ಕಪ್ಪನ್ನು ಒಂದು ಮೂಲೆಯಲ್ಲಿ ಮೆಲ್ಲಗೆ ಎಬ್ಬಿಸಿದರು. ಒಂದು ಪದರ ಎದ್ದಿತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಎಣಿಸು ಎಂದರು. ಐದು.

ಕರಾವಳಿಯಲ್ಲಿ ಗಾಡಿ ಉಳಿಸಬೇಕು ಅನ್ನುವವರು ಮಳೆಗಾಲ ಹಿಡಿಯುವ ಮುಂಚೆ ಹೀಗೆ ಮಾಡುತ್ತಾರೆ ಎಂದು ಅವರು ವಿವರಿಸಿದರು. ಡಾಂಬರಿಗೆ ಸುಟ್ಟ ಎಂಜಿನ್ ಎಣ್ಣೆ ಕಲಸಿ, ಗಾಡಿಯ ಅಡಿಗೆ ಅಂಗಾತ ಮಲಗಿ ಬಳಿಯಬೇಕು. ಮುಖಕ್ಕೆ, ಕಣ್ಣಿಗೆ ಹನಿ ಬೀಳುತ್ತದೆ. ಕೂಲಿಯವರೂ ಒಪ್ಪದ ಕೆಲಸ. ವರ್ಷಕ್ಕೊಂದು ಪದರ.

ಮತ್ತೆ ತಗಡನ್ನು ಬೆಳಕಿಗೆ ಓರೆ ಹಿಡಿದರು. ಕಪ್ಪಿನೊಳಗೆ ಹೂತಿದ್ದ ಎಳೆಯೊಂದನ್ನು ಉಗುರಿನಿಂದ ಬಿಡಿಸಿ ಶಿಷ್ಯನ ಕೈಗೆ ಕೊಟ್ಟರು. ನೂಲು. ಡಾಂಬರು ಕಿತ್ತ ಕಡೆ ಅದರ ಬಣ್ಣ ಇನ್ನೂ ಉಳಿದಿತ್ತು, ಇಳಕಲ್ ಸೀರೆಯ ಸೆರಗಿನ ಕೆಂಪು.

"ಬ್ರಷ್ಷಲ್ಲಿ ಬಳಿದಿಲ್ಲ," ಎಂದರು ಉಸ್ತಾದರು. "ಸೀರೆ ಹರಿದು, ಬಟ್ಟೆ ಅದ್ದಿ, ಕೈಯಲ್ಲಿ ಬಳಿದಿದಾರೆ. ನೋಡು, ಬೆರಳಿನ ಗುರುತು. ಗಂಡಸಿನ ಬೆರಳಲ್ಲ."

ಕೊಟ್ರೇಶಪ್ಪ ನೋಡಿದ. ನಾಲ್ಕು ಸಣ್ಣ ಬೆರಳು, ಒಂದರ ಪಕ್ಕ ಒಂದು, ತಗಡಿನ ಅಂಚಿನವರೆಗೆ ಎಳೆದುಕೊಂಡು ಹೋಗಿದ್ದವು. ಇಷ್ಟೆಲ್ಲ ಮಾಡಿದವಳು ಅವತ್ತು ಬೀದಿಯಲ್ಲಿ ಒಂದು ಮಾತೂ ಆಡಲಿಲ್ಲವಲ್ಲ ಎಂದುಕೊಳ್ಳುತ್ತ ಆ ಗುರುತುಗಳ ಮೇಲೆ ತನ್ನ ಬೆರಳಿಟ್ಟ.

ಉಸ್ತಾದರು, ಆಮೇಲೆ ಈ ಕಾರನ್ನು ನೀನು ಹೇಗಿಟ್ಟುಕೊಂಡಿದ್ದೆ, ಅದನ್ನು ಹೇಳು ಎಂದರು.

ಅದು ಕೊಟ್ರೇಶಪ್ಪನಿಗೆ ಹೆಮ್ಮೆಯ ವಿಷಯ. ದೇವರ ಹಾಗೆ ಇಟ್ಟುಕೊಂಡಿದ್ದೆ ಎಂದ. ಹನ್ನೊಂದು ವರ್ಷದಲ್ಲಿ ಒಂದು ಆಯುಧಪೂಜೆಯನ್ನೂ ತಪ್ಪಿಸಿಲ್ಲ. ಹೊಳೆಯಿಂದ ಎಂಟು ಕೊಡ ನೀರು ತಂದು, ಒಳಗೂ ಹೊರಗೂ ತೊಳೆಯುತ್ತಿದ್ದೆ. ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಬಾನೆಟ್ಟಿನ ಮೇಲೆ ಕಾಯಿ ನೀರು. ಚಕ್ರಕ್ಕೆ ನಿಂಬೆಹಣ್ಣು, ಎದುರಿಗೆ ಕುಂಬಳಕಾಯಿ. ಮಂಗಳಾರತಿ ಆದ ಮೇಲೆ ಒಬ್ಬರಿಗೂ ಮುಟ್ಟಲು ಕೊಡದೆ, ಧೂಳು ಕೂರಬಾರದು ಅಂತ ಆಗಲೇ ತಾಡಪಾಲು ಎಳೆದು, ಗಾಳಿಯೂ ಹೋಗದ ಹಾಗೆ ಹಗ್ಗ ಬಿಗಿದು...

ಅಲ್ಲಿಗೆ ಅವನ ಮಾತು ನಿಂತಿತು.

ಹೊರಗೆ ಜಿಟಿಜಿಟಿ ಮಳೆ ಇನ್ನೂ ಇತ್ತು.

"ಒದ್ದೆ ಇರುವಾಗಲೇ ಕಟ್ಟುತ್ತಿದ್ದೆ," ಎಂದ ಕೊಟ್ರೇಶಪ್ಪ, ಯಾರೋ ಬೇರೆಯವರ ದನಿಯಲ್ಲಿ. "ಗೋಣಿ ಒಣಗೋಕೂ ಬಿಡದೆ."

"ಯಾಕೆ ಅಷ್ಟು ಬಿಗಿಯಾಗಿ?"

"ಯಾರೂ ಮುಟ್ಟಬಾರದು ಅಂತ."

"ಯಾರು?"

ಮೂವತ್ತು ವರ್ಷ ಮೈದಾನದಲ್ಲಿ ನೆಟ್ಟಗೆ ನಿಂತ ಮನುಷ್ಯ ಮಣ್ಣಿನ ಮೇಲೆ ಕುಕ್ಕುರುಗಾಲಲ್ಲಿ ಕೂತ. ಅಕ್ಕ ಎಂದ. ಆಮೇಲೆ, ಯಾರಿಗೂ ಹೇಳದ ಮಾತೊಂದನ್ನು ಹೇಳಿದ. ಅಕ್ಕ ಕಾರನ್ನು ತಾನಾಗಿ ಒಯ್ದದ್ದಲ್ಲ. ಅಪ್ಪ ಹೋಗುವ ಎರಡು ದಿನ ಮುಂಚೆ ಇಬ್ಬರನ್ನೂ ಮಂಚದ ಹತ್ತಿರ ಕರೆದಿದ್ದ. ದಿಂಬಿನ ಕೆಳಗಿಂದ ಕೀಲಿಕೈ ತೆಗೆದು ಅಕ್ಕನ ಕೈಯಲ್ಲಿಟ್ಟ. ನೀನು ಚೆನ್ನಾಗಿ ನೋಡಿಕೊಳ್ತೀಯ ಅಂದ. ಮಗ ಪಕ್ಕದಲ್ಲೇ ನಿಂತಿದ್ದ.

"ಅವಳು ನೋಡಿಕೊಂಡಿದ್ದಳು ಉಸ್ತಾದರೇ. ನಾನೇ ತಿಂದುಹಾಕಿದ್ದು. ಕಾರನ್ನೂ, ಅವಳನ್ನೂ." ಇಷ್ಟು ಹೇಳಿ ಅವನು ಅತ್ತ. ಬಾಯಿಗೆ ಟವೆಲ್ಲು ಒತ್ತಿಕೊಂಡು, ಹಿತ್ತಲ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನೂ ಲೆಕ್ಕಿಸದೆ ಅತ್ತ.

ಉಸ್ತಾದರು ಸಮಾಧಾನ ಹೇಳಲಿಲ್ಲ. ತಗಡನ್ನು ಗೋಡೆಗೆ ಒರಗಿಸಿದರು, ಕಪ್ಪು ಮಗ್ಗುಲು ಹೊರಗೆ ಕಾಣುವಂತೆ. ಎದ್ದು ತಾಡಪಾಲನ್ನು ಮಡಿಸಿ, ಹಗ್ಗ ಸುತ್ತಿ, ಶೆಡ್ಡಿನ ಆಚೆಗಿಟ್ಟು ಬಂದರು. ಇನ್ನು ಗಾಳಿಯಾಡಲಿ ಎಂದರು.

ಮಳೆ ನಿಂತಿತು. ವಿಶಾಲಾಕ್ಷಿ ತಂದಿಟ್ಟ ಟೀ ಆರಿಹೋಗಿತ್ತು.

ಇದು ಓಡುವ ಹಾಗೆ ಆಗಲು ಇನ್ನೆಷ್ಟು ದಿನ ಬೇಕು ಎಂದು ಕೊಟ್ರೇಶಪ್ಪ ಕೇಳಿದ. ಸರಿಯಾಗಿ ಮಾಡಿದರೆ ಬರುವ ಶ್ರಾವಣ ಎಂದರು ಉಸ್ತಾದರು. ಅಕ್ಕನ ಕಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ ಎಂಬುದನ್ನು ಇಬ್ಬರೂ ಹೇಳಲಿಲ್ಲ.

"ನಾಳೆ ಬಸ್ಸಿಗೆ ಹೋಗ್ತೀನಿ," ಎಂದ ಶಿಷ್ಯ.

ಉಸ್ತಾದರು ಹೂಂ ಎಂದು ತಲೆಯಾಡಿಸಿದರು.

ಅವನು ಎದ್ದು ನಿಂತವನು ಮತ್ತೆ ಕೂತ. ಹೋಗಬಹುದು, ಆದರೆ ಬಾಗಿಲಲ್ಲಿ ನಿಂತು ಏನು ಹೇಳುವುದು. ಮೂವತ್ತು ವರ್ಷ ಬೇರೆಯವರ ತಪ್ಪು ಹಿಡಿದೇ ಬದುಕಿದವನು. ತಪ್ಪಾಯಿತು ಎಂಬ ಮಾತನ್ನು ಒಂದೆರಡು ಸಲ ಬಾಯೊಳಗೇ ಆಡಿ ನೋಡಿದ. ಹನ್ನೊಂದು ವರ್ಷಕ್ಕೆ ಅದು ಸಾಲದು ಅನ್ನಿಸಿತು. ನೂಲಿನೆಳೆ ತೋರಿಸುವುದೇ, ಕಾಲಿಗೆ ಬೀಳುವುದೇ, ಕೀಲಿಕೈ ವಾಪಸು ಕೊಡುವುದೇ, ಯಾವುದೂ ಸರಿಹೋಗಲಿಲ್ಲ.

"ಕಾರಿಲ್ಲದೆ, ಬರಿಗೈಲಿ ಹೋಗಿ ನಾನೇನು ಹೇಳಲಿ ಉಸ್ತಾದರೇ?"

ಉಸ್ತಾದರು ಸ್ಟೂಲನ್ನು ಹೆಗಲಿಗೇರಿಸಿಕೊಂಡು ಹೊರಟಿದ್ದವರು ನಿಂತರು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಬೆಳಿಗ್ಗೆ ಆರಕ್ಕೆ, ಹುಬ್ಬಳ್ಳಿಯಲ್ಲಿ ಬದಲಿಸಬೇಕು, ಮುಟ್ಟುವಾಗ ಮಧ್ಯಾಹ್ನ ಎರಡು ದಾಟುತ್ತದೆ ಎಂದ ಕೊಟ್ರೇಶಪ್ಪ.

"ದಾರೀಲಿ ಎಲ್ಲೂ ಏನೂ ತಿನ್ನಬೇಡ," ಎಂದರು ಉಸ್ತಾದರು. "ಬಾಗಿಲಲ್ಲಿ ನಿಂತು, ಅಕ್ಕಾ, ಹಸಿವಾಗಿದೆ ಅನ್ನು."